ಮನೆಯಲ್ಲಿ ಗೋಸುಂಬೆ ಮರಿ ಮಾಡಿಸಿದರೆ ಲಾಭವಿದೆಯೇ? ವೇಲ್ಡ್, ಪ್ಯಾಂಥರ್, ಜ್ಯಾಕ್ಸನ್: ಯಾವುದು ಯಾರಿಗೆ

ಮನೆಯಲ್ಲಿ ಸಾಕುವ ಗೋಸುಂಬೆ ಜಾತಿಗಳಲ್ಲಿ ಒಂದಾದ ವೇಲ್ಡ್‌ನ ಹೆಣ್ಣು ಒಂದೇ ಸಲಕ್ಕೆ 50 ಮೊಟ್ಟೆ ಇಡಬಲ್ಲದು ಎಂದು ಕೇಳಿದ ಕೂಡಲೇ ಮನಸ್ಸು ಗುಣಾಕಾರಕ್ಕೆ ಇಳಿಯುತ್ತದೆ: ಮೊಟ್ಟೆ ಐವತ್ತು, ಮರಿಯೊಂದಕ್ಕೆ ಇಷ್ಟು, ಒಟ್ಟು ಇಷ್ಟು. ಆ ಗುಣಾಕಾರದ ಹೊರಗೇ ಉಳಿದುಬಿಡುವ ಅಂಕಿ ಎರಡು. ಮೊಟ್ಟೆ ಒಡೆಯಲು ಬೇಕಾದ ತಿಂಗಳುಗಳು ಒಂದು, ಮರಿ ಕೊಳ್ಳುವವರ ಕೈ ಸೇರುವವರೆಗೆ ದಿನವೂ ತಿನ್ನುವ ಹುಳುಗಳು ಇನ್ನೊಂದು. ಗೋಸುಂಬೆ ಸಾಕಣೆಯ ಲಾಭ ನಷ್ಟವನ್ನು ತೀರ್ಮಾನಿಸುವುದು ಇವೆರಡೇ. ಎಷ್ಟು ಮೊಟ್ಟೆ ಎಂಬ ಪ್ರಶ್ನೆಗಿಂತ ಎಷ್ಟು ದಿನ ಎಂಬ ಪ್ರಶ್ನೆ ದೊಡ್ಡದು.

ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ವೇಲ್ಡ್ ಗೋಸುಂಬೆಯಲ್ಲಿ ಕಲಿಯುವುದು ಸುಲಭ, ದುಡ್ಡು ಉಳಿಯುವುದು ಕಷ್ಟ. ಪ್ಯಾಂಥರ್‌ನಲ್ಲಿ ಉಳಿತಾಯ ಸಾಧ್ಯ, ಆದರೆ ವಂಶದ ದಾಖಲೆ ಗಟ್ಟಿಯಾಗಿರಬೇಕು ಮತ್ತು ಎರಡು ವರ್ಷ ಕಾಯುವ ತಾಳ್ಮೆ ಬೇಕು. ಜ್ಯಾಕ್ಸನ್ ರಾತ್ರಿ ನಿಜವಾಗಿ ತಂಪಾಗುವ ಮನೆಗೆ ಮಾತ್ರ. ತಿಂಗಳು ತಿಂಗಳೂ ಆದಾಯ ಬೇಕೆನ್ನುವವರಿಗೆ ಈ ಮೂರಕ್ಕಿಂತ ಹುಳು ಸಾಕಣೆ ವಾಸಿ. ಯಾಕೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಪ್ರಾಣಿಗೆ ಮುಂಚೆ ಕಾಗದ

ವೇಲ್ಡ್, ಪ್ಯಾಂಥರ್, ಜ್ಯಾಕ್ಸನ್ ಮೂರೂ ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಅಂದರೆ ದೇಶದ ಗಡಿ ದಾಟಿಸಲು ಪರವಾನಗಿ ಬೇಕೇ ಬೇಕು. ಆ ಪರವಾನಗಿಯಲ್ಲಿ ಪ್ರಾಣಿಯ ಮೂಲವನ್ನು ಅಕ್ಷರದಲ್ಲಿ ಬರೆಯುತ್ತಾರೆ: ಕಾಡಿನಿಂದ ಹಿಡಿದದ್ದಕ್ಕೆ ‘ಡಬ್ಲ್ಯು’, ಸಾಕಣೆಯಲ್ಲೇ ಹುಟ್ಟಿದ್ದರೂ ಪೂರ್ತಿ ಷರತ್ತು ಮುಟ್ಟದ ಪ್ರಾಣಿಗೆ ‘ಎಫ್’, ಷರತ್ತು ಪೂರೈಸಿದ ಸಾಕಣೆಯ ಸಂತತಿಗೆ ‘ಸಿ’. ತಂದೆತಾಯಿಯನ್ನು ಕೊಳ್ಳುವಾಗ ಈ ಕಾಗದದ ಪ್ರತಿ ಇಲ್ಲದಿದ್ದರೆ, ಮುಂದೆ ಮರಿ ಮಾರುವಾಗ ನೀವು ತೋರಿಸಲು ಏನೂ ಇರುವುದಿಲ್ಲ.

ಒಳನಾಡಿನ ಕಾನೂನು ಒಂದೊಂದು ಕಡೆ ಒಂದೊಂದು ಥರ. ವೇಲ್ಡ್ ಗೋಸುಂಬೆ ತಪ್ಪಿಸಿಕೊಂಡು ಹೋಗಿ ಫ್ಲಾರಿಡಾದಲ್ಲಿ ನೆಲೆಯೂರಿದೆ. ಹವಾಯಿಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಸಾಕಲು ಪರವಾನಗಿ, ಮಾರಲು ಪರವಾನಗಿ, ಸಾಗಿಸಲು ಪರವಾನಗಿ ಬೇರೆ ಬೇರೆ ಇರಬಹುದು. ಅರಣ್ಯ ಅಥವಾ ವನ್ಯಜೀವಿ ಇಲಾಖೆಯಿಂದ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಪಂಜರ ಕೊಳ್ಳಿ. ಕಾಡಿನಲ್ಲೋ ತೋಟದಲ್ಲೋ ಸಿಕ್ಕ ಗೋಸುಂಬೆಯನ್ನು ಹಿಡಿದು ತಂದು ಮರಿ ಮಾಡಿಸುವ ಯೋಚನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ. ಅದು ಕಾನೂನಿಗೂ ವಿರುದ್ಧ, ಆ ಪ್ರಾಣಿಗೂ ಅನ್ಯಾಯ. ಜಂತುಹುಳು ತುಂಬಿ, ನೀರಿಲ್ಲದೆ ಬಸವಳಿದು ಬರುವ ಅಂಥ ಪ್ರಾಣಿಗಳಲ್ಲಿ ಬಹಳಷ್ಟು ತಿಂಗಳೊಪ್ಪತ್ತಿನಲ್ಲಿ ಸಾಯುತ್ತವೆ.

ವೇಲ್ಡ್: ಮೊಟ್ಟೆ ಹೆಚ್ಚು, ಕೊಳ್ಳುವವರು ಕಡಿಮೆ

ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಪ್ರಾಣಿ ಇದು. ಬಿಸಿ, ಒಣಹವೆ, ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಗಂಡು ಬಾಲ ಸೇರಿ 45ರಿಂದ 60 ಸೆಂ.ಮೀ., ಹೆಣ್ಣು 25ರಿಂದ 35 ಸೆಂ.ಮೀ. ಸಾಕಣೆದಾರನಿಗೆ ಇದರ ಅತಿ ದೊಡ್ಡ ಅನುಕೂಲವೆಂದರೆ ಹುಟ್ಟಿದ ದಿನವೇ ಗಂಡು ಹೆಣ್ಣು ಗೊತ್ತಾಗುವುದು. ಗಂಡುಮರಿಯ ಹಿಂಗಾಲಿನ ಹಿಮ್ಮಡಿಯಲ್ಲಿ ಚಿಕ್ಕದೊಂದು ಮೊನೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಭೂತಗನ್ನಡಿ ಹಿಡಿದರೆ ಸಾಕು.

ಹೆಣ್ಣು ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬಂದುಬಿಡುತ್ತದೆ, ಅಪಾಯವೂ ಅಲ್ಲಿಂದಲೇ ಶುರು. ಮೂಳೆ ಇನ್ನೂ ಬೆಳೆಯುತ್ತಿರುವಾಗ ಮೊಟ್ಟೆಗೆ ಬೇಕಾದ ಕ್ಯಾಲ್ಸಿಯಂ ಮೈಯಿಂದ ಹೊರಟುಹೋದರೆ ಕೈಕಾಲು ಬಾಗುತ್ತವೆ, ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ವರ್ಷ ತುಂಬುವ ಮೊದಲು ಗಂಡಿನ ಜತೆ ಬಿಡಬೇಡಿ. ಗಂಡು ಇಲ್ಲದಿದ್ದರೂ ಈ ಹೆಣ್ಣು ಬರಡು ಮೊಟ್ಟೆ ಇಡುತ್ತದೆ. ಹಾಗಾಗಿ ಮೊಟ್ಟೆ ಇಡುವ ತೊಟ್ಟಿ ಅದರ ಪಂಜರದಲ್ಲಿ ಮೊದಲಿನಿಂದಲೂ ಇರಬೇಕು.

ಹೊಟ್ಟೆ ತುಂಬ ತಿನ್ನಿಸಿ, ಬಿಸಿ ಹೆಚ್ಚಿಟ್ಟರೆ ಅದು 60, 70 ಮೊಟ್ಟೆ ಇಡುತ್ತದೆ. ಇಟ್ಟು ಬೇಗ ಸವೆದುಹೋಗುತ್ತದೆ. ಬೆಳೆದ ಹೆಣ್ಣಿಗೆ ದಿನ ಬಿಟ್ಟು ದಿನ ಮೂರರಿಂದ ಐದು ಹುಳು ಕೊಟ್ಟು, ಬಿಸಿಲು ಕಾಯುವ ಜಾಗದ ಉಷ್ಣಾಂಶವನ್ನು 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟರೆ ಮೊಟ್ಟೆ 20ರಿಂದ 30ಕ್ಕೆ ಇಳಿಯುತ್ತದೆ, ಹೆಣ್ಣಿನ ಆಯುಸ್ಸು ಹೆಚ್ಚುತ್ತದೆ. ಕಡಿಮೆ ಮೊಟ್ಟೆ ಅಂದರೆ ಕಡಿಮೆ ಆದಾಯ ಎಂದು ಇದನ್ನು ಬಿಟ್ಟುಬಿಡುವವರು ಒಂದು ವಿಷಯ ಯೋಚಿಸಬೇಕು: 30 ಮರಿಗಳಿಗೇ ಕೊಳ್ಳುವವರನ್ನು ಹುಡುಕುವುದು ಕಷ್ಟವಾಗಿರುವಾಗ ಇನ್ನೂ 40 ಮರಿ ಹುಟ್ಟಿದರೆ ಅವುಗಳಿಂದ ಬರುವುದು ಆದಾಯವೋ ಖರ್ಚೋ?

ವೇಲ್ಡ್‌ನ ಕೊರತೆ ಇದೇ. ಸುಲಭವಾಗಿ ಮರಿ ಮಾಡುವುದರಿಂದ ಎಲ್ಲರ ಹತ್ತಿರವೂ ಮರಿ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ಸಾಕುವವರು ಕೊಡುವ ದರಕ್ಕೆ ಮನೆಯವರು ಇಳಿಯಲು ಆಗುವುದಿಲ್ಲ. ಚರ್ಮದಲ್ಲಿ ಬಿಳಿ ಮಚ್ಚೆ ಬರುವ ಟ್ರಾನ್ಸ್‌ಲೂಸೆಂಟ್ ಅಥವಾ ಪೈಬಾಲ್ಡ್ ಎಂಬ ಬಗೆಗೆ ಹೆಚ್ಚು ಬೆಲೆ ಸಿಗುತ್ತದೆ. ಆದರೆ ಅದೂ ವರ್ಷ ವರ್ಷಕ್ಕೆ ಸಾಮಾನ್ಯವಾಗುತ್ತಿದೆ, ಅದನ್ನೇ ನಂಬಿ ಲೆಕ್ಕ ಕಟ್ಟಬಾರದು.

ಪ್ಯಾಂಥರ್: ಬೆಲೆ ಇರುವುದು ಬಣ್ಣಕ್ಕೆ, ಬಣ್ಣ ಬರುವುದು ತಡವಾಗಿ

ಮಡಗಾಸ್ಕರ್‌ನ ಉತ್ತರ ಮತ್ತು ಪೂರ್ವ ಕರಾವಳಿಯ ಗೋಸುಂಬೆ. ಗಂಡು 40ರಿಂದ 50 ಸೆಂ.ಮೀ., ಹೆಣ್ಣು ಅದಕ್ಕಿಂತ ಸಾಕಷ್ಟು ಚಿಕ್ಕದು. ಕೊಳ್ಳುವವರು ಇದನ್ನು ಕೇಳುವುದು ಅದರ ಮೂಲದ ಊರು, ದ್ವೀಪದ ಹೆಸರಿನಿಂದ: ಅಂಬಿಲೋಬೆ, ಅಂಬಾಂಜಾ, ನೋಸಿ ಬೆ, ನೋಸಿ ಫಾಲಿ, ಸಾಂಬಾವಾ, ತಮತಾವೆ. ನೋಸಿ ಬೆ ಗಂಡು ನೀಲಿ ಹಸಿರು, ಅಂಬಿಲೋಬೆ ಗಂಡಿನ ಮೈಮೇಲೆ ಕೆಂಪು ಅಥವಾ ನೀಲಿ ಪಟ್ಟೆ. ಈ ಊರಿನ ಹೆಸರೇ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುತ್ತದೆ.

ತೊಡಕು ಹೆಣ್ಣಿನಲ್ಲಿದೆ. ಯಾವ ಊರಿನ ಹೆಣ್ಣಾದರೂ ಮಾಸಲು ಗುಲಾಬಿ, ಕಂದು, ಕೇಸರಿ ಛಾಯೆಯಲ್ಲೇ ಇರುತ್ತದೆ. ಕಣ್ಣಿನಿಂದ ನೋಡಿ ಇದು ಅಂಬಾಂಜಾ, ಇದು ಸಾಂಬಾವಾ ಎಂದು ಹೇಳುವುದು ಅಸಾಧ್ಯ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಈ ಗೋಸುಂಬೆಗಳ ಡಿಎನ್‌ಎ ಮತ್ತು ಬಣ್ಣವನ್ನು ಒಟ್ಟಿಗೆ ಪರೀಕ್ಷಿಸಿ, ನಾವು ಒಂದೇ ಜಾತಿ ಎನ್ನುತ್ತಿರುವುದರಲ್ಲಿ ಹನ್ನೊಂದು ಬೇರೆ ಬೇರೆ ಜಾತಿಗಳು ಇರಬಹುದು ಎಂದರು. ಒಂದು ಊರಿನ ಗಂಡಿಗೆ ಇನ್ನೊಂದು ಊರಿನ ಹೆಣ್ಣನ್ನು ಕೂಡಿಸಿದರೆ ಮರಿಯ ಬಣ್ಣ ಏನಾದೀತೆಂದು ಹೇಳಲಾಗದು, ಮುಂದಿನ ಪೀಳಿಗೆಯಲ್ಲಿ ಇನ್ನೂ ಕೆಡುತ್ತದೆ. ಅಂಥ ಬೆರಕೆಯನ್ನು ಬೆರಕೆ ಎಂದೇ ಹೇಳಿ ಮಾರಬೇಕು, ಬೆಲೆ ಕಡಿಮೆ. ಹೇಳದೆ ಮಾರಿದರೆ ಒಂದು ವರ್ಷದ ನಂತರ ಬಣ್ಣ ಬಂದಾಗ ಕೊಂಡವರಿಗೆ ತಿಳಿದೇ ತಿಳಿಯುತ್ತದೆ.

ಇದಕ್ಕೆ ಇನ್ನೊಂದು ಸೂಕ್ಷ್ಮ ಸೇರಿಕೊಂಡಿದೆ. ಹೆಣ್ಣು ಗೋಸುಂಬೆ ಗಂಡಿನ ವೀರ್ಯವನ್ನು ಮೈಯಲ್ಲಿ ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತದೆ. ಒಮ್ಮೆ ಕೂಡಿದರೆ ಎರಡು ಮೂರು ಸಲ ಫಲಿತ ಮೊಟ್ಟೆ ಇಡಬಲ್ಲದು. ಪ್ರಾಯಕ್ಕೆ ಬಂದ ಹೆಣ್ಣನ್ನು ಬೇರೆಯವರಿಂದ ಕೊಂಡು, ನಿಮ್ಮ ಗಂಡಿನ ಜತೆ ಬಿಟ್ಟು ಪಡೆದ ಮರಿಗಳ ತಂದೆ ನಿಮ್ಮ ಗಂಡೇ ಎಂಬ ಖಾತರಿ ಇಲ್ಲ. ಮೂರು ತಿಂಗಳ ಮರಿಯನ್ನೇ ಕೊಂಡು ಬೆಳೆಸಿ. ತಂದೆ, ತಾಯಿ, ಸಾಧ್ಯವಾದರೆ ಅಜ್ಜಂದಿರ ಚಿತ್ರ, ಹುಟ್ಟಿದ ದಿನ, ಊರಿನ ಹೆಸರು ಬರೆದ ಚೀಟಿ ಕೇಳಿ ಪಡೆಯಿರಿ. ಗಂಡು ಒಬ್ಬರಿಂದ, ಹೆಣ್ಣು ಇನ್ನೊಬ್ಬರಿಂದ ಕೊಂಡರೆ ಒಡಹುಟ್ಟಿದವು ಒಂದಕ್ಕೊಂದು ಕೂಡುವುದು ತಪ್ಪುತ್ತದೆ.

ಹೆಣ್ಣು ಒಪ್ಪಿದೆಯೋ ಇಲ್ಲವೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಒಪ್ಪಿದ ಹೆಣ್ಣು ತಿಳಿ ಗುಲಾಬಿಯೋ ತಿಳಿ ಕೇಸರಿಯೋ ಆಗಿ, ಗಂಡು ಕಂಡರೂ ಸುಮ್ಮನೆ ನಿಧಾನವಾಗಿ ನಡೆಯುತ್ತದೆ. ಒಪ್ಪದ ಹೆಣ್ಣು ಕಪ್ಪಾಗಿ, ಬಾಯಿ ತೆರೆದು, ಮೈ ಅಲುಗಿಸುತ್ತದೆ. ಆಗ ತಕ್ಷಣ ಬೇರೆ ಮಾಡದಿದ್ದರೆ ಕಚ್ಚಾಟವಾಗುತ್ತದೆ. ಹೆಣ್ಣನ್ನು ಗಂಡಿನ ಪಂಜರಕ್ಕೆ ಬಿಡಬೇಕು, ಗಂಡನ್ನು ಹೆಣ್ಣಿನದಕ್ಕಲ್ಲ. ಕೂಡುವುದು 10ರಿಂದ 30 ನಿಮಿಷ. ಗಬ್ಬವಾದ ಹೆಣ್ಣು ಕೆಲವೇ ದಿನಗಳಲ್ಲಿ ಗಾಢ ಕಂದು ಅಥವಾ ಕಪ್ಪಾಗಿ ಕೇಸರಿ ಪಟ್ಟೆ ತೋರಿಸುತ್ತದೆ, ಮೂರರಿಂದ ಆರು ವಾರದಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ 10ರಿಂದ 40.

ಪ್ಯಾಂಥರ್ ಮರಿಯ ಗಂಡು ಹೆಣ್ಣು ನಂಬಿಕೆಯಿಂದ ಹೇಳಲು ಮೂರು ತಿಂಗಳಾದರೂ ಬೇಕು. ಗಂಡಿನ ಬಾಲದ ಬುಡ ಉಬ್ಬುತ್ತದೆ, ಮೂಗಿನ ಅಂಚು ಅಗಲವಾಗುತ್ತದೆ. ಬಣ್ಣ ತುಂಬಲು ಎಂಟರಿಂದ ಹನ್ನೆರಡು ತಿಂಗಳು. ಮರಿಗಳಲ್ಲಿ ಸುಮಾರು ಅರ್ಧ ಹೆಣ್ಣು. ಹೆಣ್ಣಿಗೆ ಬೆಲೆ ತೀರಾ ಕಡಿಮೆ, ಕೊಳ್ಳುವವರೂ ಕಡಿಮೆ. ಪ್ಯಾಂಥರ್ ಲೆಕ್ಕ ಹಾಕುವಾಗ ಹೆಣ್ಣುಮರಿಗಳಿಂದ ಬರುವ ಆದಾಯವನ್ನು ಸೊನ್ನೆ ಎಂದು ಹಿಡಿದು, ಅವುಗಳ ಖರ್ಚನ್ನು ಪೂರ್ತಿ ಸೇರಿಸಿ ನೋಡಿ. ಆಗಲೂ ಲೆಕ್ಕ ಕೂಡಿಬಂದರೆ ಮುಂದುವರಿಯಬಹುದು.

ಜ್ಯಾಕ್ಸನ್: ಮೊಟ್ಟೆ ಇಲ್ಲ, ಸೆಖೆ ಆಗದು

ಕೀನ್ಯಾ ಮತ್ತು ಟಾಂಜಾನಿಯಾದ ಎತ್ತರದ ನಾಡಿನ ಗೋಸುಂಬೆ, ಗಂಡಿನ ಮುಖದ ಮೇಲೆ ಮೂರು ಕೊಂಬು. ಮರಿಯನ್ನೇ ಹಾಕುತ್ತದೆ. ಆರರಿಂದ ಒಂಬತ್ತು ತಿಂಗಳು ಗಬ್ಬ ಹೊತ್ತು, ಬೆಳಗಿನ ಹೊತ್ತು ಅಂಟಂಟು ಪೊರೆಯಲ್ಲಿ ಸುತ್ತಿದ 10ರಿಂದ 30 ಮರಿಗಳನ್ನು ಕೊಂಬೆಯಿಂದ ಕೊಂಬೆಗೆ ನಡೆಯುತ್ತಾ ಉದುರಿಸುತ್ತದೆ. ಮೊಟ್ಟೆ ಕಾಯುವ ಪೆಟ್ಟಿಗೆಯ ತಲೆಬಿಸಿ ಇಲ್ಲ ಎಂಬುದು ನಿಜ.

ಆದರೆ ಇದಕ್ಕೆ ರಾತ್ರಿ 10ರಿಂದ 18 ಡಿಗ್ರಿಗೆ ಇಳಿಯುವ ತಂಪು ಬೇಕು, ಹಗಲಲ್ಲಿ ಬಿಸಿಲು ಕಾಯುವ ಜಾಗವೂ 28 ಡಿಗ್ರಿ ಮೀರಬಾರದು. ಗಬ್ಬವಾದ ಹೆಣ್ಣು ವಾರಗಟ್ಟಲೆ ಸೆಖೆಯಲ್ಲಿ ಇದ್ದರೆ ಸತ್ತ ಮರಿಗಳನ್ನೋ ಮರಿಯಾಗದ ಮೊಟ್ಟೆಯ ಹಳದಿ ಗಂಟುಗಳನ್ನೋ ಹಾಕುತ್ತದೆ. ಹವಾನಿಯಂತ್ರಕ ಓಡಿಸಿ ತಂಪು ಮಾಡಬೇಕಾದ ಮನೆಯಲ್ಲಿ ಆ ವಿದ್ಯುತ್ ಬಿಲ್ಲೇ ಮರಿಗಳ ದುಡ್ಡನ್ನು ನುಂಗುತ್ತದೆ. ಮರಿಗಳು ನೀರಿನ ಕೊರತೆಗೆ ಬೇಗ ಸೊರಗುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಮಾರುವ ಹೊತ್ತಿಗೆ ನಾಲ್ಕು ತಿಂಗಳು ದಾಟಿರಬೇಕು. ವಿಟಮಿನ್ ಎ ಮತ್ತು ಡಿ3 ಇರುವ ಪುಡಿಯನ್ನು ಬೇರೆ ಗೋಸುಂಬೆಗಳಿಗೆ ಕೊಟ್ಟಷ್ಟು ಕೊಟ್ಟರೆ ಕುತ್ತಿಗೆ ಊದುತ್ತದೆ. ತಿಂಗಳಿಗೊಮ್ಮೆ ಚಿಟಿಕೆ ಸಾಕು.

ತಂಪು ನಾಡಿನವರಿಗೆ, ವರ್ಷಕ್ಕೆ ಹದಿನೈದು ಇಪ್ಪತ್ತು ಮರಿ ಸಾಕೆನ್ನುವವರಿಗೆ ಇದು ಚೆನ್ನಾದ ಆಯ್ಕೆ. ಮಿಕ್ಕವರಿಗೆ ಅಲ್ಲ.

ಮೊಟ್ಟೆಯ ತಿಂಗಳುಗಳು

ವೇಲ್ಡ್ ಮತ್ತು ಪ್ಯಾಂಥರ್ ಎರಡಕ್ಕೂ ಹೆಚ್ಚು ನಷ್ಟ ಆಗುವುದು ಎರಡು ಹಂತದಲ್ಲಿ: ಮೊಟ್ಟೆ ಇಡುವಾಗ, ಮೊಟ್ಟೆ ಕಾಯುವಾಗ.

ಮೊಟ್ಟೆ ಇಡುವ ತೊಟ್ಟಿ ಕನಿಷ್ಠ 30 ಸೆಂ.ಮೀ. ಆಳ, 30 ಸೆಂ.ಮೀ. ಅಗಲ ಇರಬೇಕು. ತೊಳೆದ ಸಣ್ಣ ಮರಳು ಮತ್ತು ಗೊಬ್ಬರ ಸೇರದ ಮಣ್ಣು ಅರ್ಧರ್ಧ ಬೆರೆಸಿ, ಬೆರಳಿನಿಂದ ತೂತು ಕೊರೆದರೆ ಕುಸಿಯದಷ್ಟು ತೇವ ಮಾಡಿ. ಹೆಣ್ಣು ತನ್ನ ಉದ್ದಕ್ಕೂ ಸುರಂಗ ತೋಡಿ, ತಿರುಗಿ ಕೂತು ಮೊಟ್ಟೆ ಇಟ್ಟು, ಮತ್ತೆ ಮುಚ್ಚುತ್ತದೆ. ಸುರಂಗ ಕುಸಿದರೆ, ತೊಟ್ಟಿ ಆಳವಿಲ್ಲದಿದ್ದರೆ, ಅಥವಾ ತೋಡುವಾಗ ಯಾರಾದರೂ ಇಣುಕಿದರೆ ಅದು ಕೆಲಸ ನಿಲ್ಲಿಸಿ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಪಂಜರದ ಮೂರು ಬದಿಗೆ ಬಟ್ಟೆ ಕಟ್ಟಿ, ಸಣ್ಣ ಕಿಂಡಿಯಿಂದ ಮಾತ್ರ ನೋಡಿ. ಹೊಟ್ಟೆ ಉಬ್ಬಿ, ತಿನ್ನುವುದು ನಿಲ್ಲಿಸಿ, ಹಗಲಲ್ಲಿ ಕಣ್ಣು ಮುಚ್ಚಿ ನೆಲದಲ್ಲಿ ಕೂತ ಹೆಣ್ಣನ್ನು ಅದೇ ದಿನ ಸರೀಸೃಪ ಬಲ್ಲ ಪಶುವೈದ್ಯರ ಹತ್ತಿರ ಒಯ್ಯಬೇಕು. ಮರುದಿನ ನೋಡೋಣ ಎಂದರೆ ಅನೇಕ ಸಲ ಮರುದಿನ ಅದು ಇರುವುದಿಲ್ಲ.

ಮೊಟ್ಟೆ ಕಾಯಿಸಲು ವರ್ಮಿಕ್ಯುಲೈಟ್ ಎಂಬ, ತೇವ ಹಿಡಿದಿಡುವ ಹಗುರ ಖನಿಜದ ಹರಳು ಸಾಕು. ತೂಕದಲ್ಲಿ ವರ್ಮಿಕ್ಯುಲೈಟ್ ಒಂದು ಪಾಲು, ನೀರು ಮುಕ್ಕಾಲು ಪಾಲಿನಿಂದ ಒಂದು ಪಾಲು. ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಐದಾರು ಸೆಂ.ಮೀ. ತುಂಬಿ, ಮೊಟ್ಟೆಗಳನ್ನು ಎರಡು ಸೆಂ.ಮೀ. ಅಂತರದಲ್ಲಿ ಅರ್ಧ ಹೂತು ಇಡಿ. ತೆಗೆಯುವಾಗ ಮೇಲ್ಮುಖವಾಗಿದ್ದ ಬದಿಗೆ ಸೀಸದ ಕಡ್ಡಿಯಿಂದ ಗುರುತು ಹಾಕಿದರೆ ಮಗುಚಿ ಹೋಗುವುದಿಲ್ಲ. ಆಮೇಲೆ ಇಡೀ ಡಬ್ಬಿಯನ್ನು ತೂಗಿ, ತೂಕವನ್ನು ಮುಚ್ಚಳದ ಮೇಲೆ ಬರೆಯಿರಿ. ತಿಂಗಳಿಗೊಮ್ಮೆ ತೂಗಿದಾಗ ಎಷ್ಟು ಗ್ರಾಂ ಕಡಿಮೆಯಾಗಿದೆಯೋ ಅಷ್ಟು ನೀರನ್ನು ಡಬ್ಬಿಯ ಅಂಚಿನಲ್ಲಿ ಹಾಕಿ, ಮೊಟ್ಟೆಯ ಮೇಲಲ್ಲ. ಮೊಟ್ಟೆ ಕಾಯುವ ತಿಂಗಳುಗಳಲ್ಲಿ ಇಷ್ಟೊಂದು ಉಪಯುಕ್ತವಾದ ಅಭ್ಯಾಸ ಇನ್ನೊಂದಿಲ್ಲ. ಕಣ್ಣಂದಾಜಿನಲ್ಲಿ ನೀರು ಹಾಕುವವರ ಮೊಟ್ಟೆಗಳೇ ಕೊನೆಯ ತಿಂಗಳಲ್ಲಿ ಉಬ್ಬಿ ಒಡೆಯುವುದು, ಇಲ್ಲವೇ ಕುಗ್ಗುವುದು.

ವೇಲ್ಡ್ ಮೊಟ್ಟೆ 24ರಿಂದ 28 ಡಿಗ್ರಿಯಲ್ಲಿ ಆರರಿಂದ ಒಂಬತ್ತು ತಿಂಗಳಿಗೆ ಒಡೆಯುತ್ತದೆ. ಬಿಸಿ ಏರಿಸಿದರೆ ಬೇಗ ಒಡೆಯುತ್ತದೆಂದು 30 ದಾಟಿಸಬೇಡಿ. ಮರಿ ಸಣ್ಣದಾಗಿ, ಬಲವಿಲ್ಲದೆ ಹುಟ್ಟುತ್ತದೆ. ಬಿಸಿ ಹೆಚ್ಚಿಟ್ಟರೆ ಗಂಡು ಹೆಚ್ಚು ಬರುತ್ತವೆ ಎಂಬ ಮಾತು ಹಲ್ಲಿ, ಆಮೆಗಳ ವಿಷಯದಿಂದ ಇಲ್ಲಿಗೆ ಬಂದದ್ದು. ವೇಲ್ಡ್‌ನಲ್ಲಿ ಲಿಂಗ ತೀರ್ಮಾನ ವರ್ಣತಂತುವಿನಿಂದ, ಉಷ್ಣಾಂಶದಿಂದ ಅಲ್ಲ.

ಪ್ಯಾಂಥರ್ ಮೊಟ್ಟೆಗೆ ಅದರ ನಾಡಿನ ಚಳಿಗಾಲದ ನೆನಪು ಬೇಕು. ಒಂದೇ ಉಷ್ಣಾಂಶದಲ್ಲಿ ಇಟ್ಟರೂ ಒಡೆಯುತ್ತವೆ, ಆದರೆ ಒಂದು ಇಂದು, ಇನ್ನೊಂದು ಎರಡು ತಿಂಗಳ ನಂತರ ಎಂಬಂತೆ ಚದುರಿಹೋಗಿ, ವಿವಿಧ ವಯಸ್ಸಿನ ಮರಿಗಳನ್ನು ಬೇರೆ ಬೇರೆ ಸಾಕುವ ಕೆಲಸ ಮೈಮೇಲೆ ಬೀಳುತ್ತದೆ. ಮೊದಲ ಐದಾರು ವಾರ 24 ಡಿಗ್ರಿ, ಆಮೇಲೆ ಆರೇಳು ವಾರ 18 ಡಿಗ್ರಿ, ಆನಂತರ ಒಡೆಯುವವರೆಗೆ 24ರಿಂದ 26 ಡಿಗ್ರಿ ಕೊಟ್ಟರೆ ಬಹಳಷ್ಟು ಮೊಟ್ಟೆ ಹತ್ತಿರ ಹತ್ತಿರದ ದಿನಗಳಲ್ಲಿ ಒಡೆಯುತ್ತವೆ. ಒಟ್ಟು ಏಳರಿಂದ ಹನ್ನೆರಡು ತಿಂಗಳು.

ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿದರೆ ಫಲಿತ ಮೊಟ್ಟೆಯಲ್ಲಿ ಗುಲಾಬಿ ವೃತ್ತವೋ ಸಣ್ಣ ನರಗಳೋ ಕಾಣುತ್ತವೆ. ಬರಡು ಮೊಟ್ಟೆ ಹಳದಿಯಾಗಿ, ಬೂಸ್ಟು ಹಿಡಿದು, ಕುಗ್ಗುತ್ತದೆ. ಅದನ್ನು ತೆಗೆಯದಿದ್ದರೆ ಬೂಸ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ಒಡೆಯುವ ಮುನ್ನ ಮೊಟ್ಟೆ ಬೆವರಿದಂತೆ ಹನಿಗೂಡುತ್ತದೆ. ಚಿಪ್ಪು ಸೀಳಿದ ಮೇಲೆ ಮರಿ ತಲೆ ಮಾತ್ರ ಹೊರಗಿಟ್ಟು ಒಂದು ದಿನವಿಡೀ ಕೂರಬಹುದು. ಹಳದಿ ಲೋಳೆಯನ್ನು ಹೊಟ್ಟೆಗೆ ಎಳೆದುಕೊಳ್ಳುವ ಸಮಯ ಅದು. ಸಹಾಯ ಮಾಡಲು ಹೋಗಿ ಎಳೆದರೆ ಹೊಟ್ಟೆ ಮುಚ್ಚದೆ ಸಾಯುತ್ತದೆ.

ತೊಂಬತ್ತು ದಿನದ ಖರ್ಚು

ಈಗ ನಿಜವಾದ ಖರ್ಚಿಗೆ ಬರೋಣ. 30 ಮರಿ ಹುಟ್ಟಿವೆ ಎಂದುಕೊಳ್ಳಿ, ಮೂರು ತಿಂಗಳಿಗೆ ಮಾರುವ ಯೋಜನೆ.

ಮೊದಲ ತಿಂಗಳು ಒಂದು ಮರಿಗೆ ದಿನಕ್ಕೆ 15 ಸಣ್ಣ ಹುಳು: ಹಾರಲಾರದ ಹಣ್ಣಿನ ನೊಣ, ಕ್ರಿಕೆಟ್ ಎಂದು ಮಾರುವ ಚಿಮ್ಮಂಡೆಯ ಮೂರು ಮಿಲಿಮೀಟರ್ ಮರಿ. 30 ಮರಿಗೆ 30 ದಿನಕ್ಕೆ 13,500. ಎರಡನೇ ತಿಂಗಳು ದಿನಕ್ಕೆ 12ರಂತೆ 10,800. ಮೂರನೇ ತಿಂಗಳು ಹುಳು ದೊಡ್ಡದಾಗಿ ದಿನಕ್ಕೆ 10ರಂತೆ 9,000. ಒಟ್ಟು 33,300. ಸತ್ತದ್ದು, ತಪ್ಪಿಸಿಕೊಂಡದ್ದು ಸೇರಿ 40,000 ಹುಳು ಎಂದು ಹಿಡಿಯಿರಿ. ಇಷ್ಟನ್ನೂ ಅಂಗಡಿಯಿಂದ ಕೊಂಡರೆ ಯಾವ ಜಾತಿಯ ಮರಿಗೂ ಲಾಭ ಬರುವುದು ದುಸ್ತರ. ಮೊಟ್ಟೆ ಇಟ್ಟ ದಿನದಿಂದ ಒಡೆಯುವವರೆಗಿನ ತಿಂಗಳುಗಳು ಹುಳು ಸಾಕಣೆ ಕಲಿಯಲು ಇರುವ ಸಮಯ. ಹಣ್ಣಿನ ನೊಣದ ಡಬ್ಬಿಗಳನ್ನು ಮೊಟ್ಟೆ ಒಡೆಯುವ ಒಂದು ತಿಂಗಳ ಮುಂಚೆ ಶುರುಮಾಡಿ, ವಾರಕ್ಕೆ ನಾಲ್ಕರಂತೆ ಹೊಸ ಡಬ್ಬಿ ಹಾಕುತ್ತಾ ಹೋಗಬೇಕು. ನಿಂತರೆ ಮೂರು ವಾರ ಹಸಿವು.

ಜಾಗದ ಲೆಕ್ಕ ಇದಕ್ಕಿಂತ ಬಿಗಿ. ಮೊದಲು ಐದೈದು ಮರಿಗೆ ಒಂದು ಡಬ್ಬಿ, ಒಟ್ಟು ಆರು. ಎರಡು ತಿಂಗಳಿಗೆ ಎರಡೆರಡಕ್ಕೆ ಒಂದು, ಹದಿನೈದು. ಮೂರು ತಿಂಗಳು ತುಂಬಿದ ಮೇಲೆ ಒಂದಕ್ಕೊಂದು ಕಾಣದಂತೆ ಮರಿಗೊಂದು, ಮೂವತ್ತು. ತಡಮಾಡಿದರೆ ಬಾಲದ ತುದಿ ಕಚ್ಚುತ್ತವೆ. ದಬ್ಬಾಳಿಕೆಗೆ ಸಿಕ್ಕ ಮರಿ ತಿನ್ನುವುದನ್ನೇ ಬಿಡುತ್ತದೆ, ಬಾಲ ತುಂಡಾದ ಮರಿಯನ್ನು ಯಾರೂ ಕೊಳ್ಳುವುದಿಲ್ಲ. ಗೋಸುಂಬೆಯ ಬಾಲ ಮತ್ತೆ ಬೆಳೆಯುವುದೂ ಇಲ್ಲ.

ವಿದ್ಯುತ್ತು: ಬೆಳೆದ ಒಂದು ಪಂಜರಕ್ಕೆ 24 ವ್ಯಾಟ್‌ನ ಟಿ5 ಯುವಿಬಿ ಕೊಳವೆ (ಬಿಸಿಲಿನಂತೆ ನೇರಳಾತೀತ ಕಿರಣ ಸೂಸುವ ತೆಳು ಟ್ಯೂಬ್‌ಲೈಟ್) 12 ಗಂಟೆ, 50 ವ್ಯಾಟ್ ಬಲ್ಬು 8 ಗಂಟೆ ಉರಿದರೆ ದಿನಕ್ಕೆ ಸುಮಾರು 0.7 ಯೂನಿಟ್. ಒಂದು ಗಂಡು, ಎರಡು ಹೆಣ್ಣು ಇದ್ದರೆ ತಿಂಗಳಿಗೆ 60ರಿಂದ 65 ಯೂನಿಟ್. ಮರಿ ಇರಲಿ ಬಿಡಲಿ, ಈ ಖರ್ಚು ವರ್ಷವಿಡೀ ನಿಲ್ಲದು. ಮರಿಗಳ ಡಬ್ಬಿ 30 ಸೆಂ.ಮೀ. ಅಗಲದ್ದಾದರೆ 120 ಸೆಂ.ಮೀ. ಉದ್ದದ ಒಂದು 54 ವ್ಯಾಟ್ ಕೊಳವೆಯ ಕೆಳಗೆ ನಾಲ್ಕು ಡಬ್ಬಿ ಸಾಲಾಗಿ ಇಡಬಹುದು. ಡಬ್ಬಿಗೊಂದು ದೀಪ ಹಾಕುವುದಕ್ಕಿಂತ ಇದು ಅಗ್ಗ. ಆರು ಡಬ್ಬಿ ಇದ್ದಾಗ, ಡಬ್ಬಿಗೆ 25 ವ್ಯಾಟ್ ಬಲ್ಬು ಆರು ಗಂಟೆ ಸೇರಿ, ದಿನಕ್ಕೆ 2.2 ಯೂನಿಟ್. ಮೂವತ್ತು ಡಬ್ಬಿಯಾದಾಗ ದಿನಕ್ಕೆ 9.7 ಯೂನಿಟ್, ತಿಂಗಳಿಗೆ 290. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯ ಅರ್ಥ ಮೂರನೇ ತಿಂಗಳ ಕೊನೆಗೆ ಮಾರಾಟವಾಗದ ಮರಿಗಳನ್ನು ನೋಡಿದಾಗ ಆಗುತ್ತದೆ. 20 ಮರಿ ಒಂದು ತಿಂಗಳು ಹೆಚ್ಚು ಉಳಿದರೆ ಹುಳುವೇ ಇನ್ನೂ 6,000 ಬೇಕು.

ಯುವಿಬಿ ಕೊಳವೆ ಕಣ್ಣಿಗೆ ಉರಿಯುತ್ತಿದ್ದರೂ ಒಂದು ವರ್ಷದ ಹೊತ್ತಿಗೆ ಯುವಿಬಿ ಸೂಸುವುದು ಕುಗ್ಗಿರುತ್ತದೆ. ಅಳೆಯುವ ಮೀಟರ್ ಇದ್ದರೆ, ಬಿಸಿಲು ಕಾಯುವ ಕೊಂಬೆಯ ಮೇಲೆ ಬೆಳೆದ ವೇಲ್ಡ್ ಮತ್ತು ಪ್ಯಾಂಥರ್‌ಗೆ ಯುವಿ ಸೂಚ್ಯಂಕ 3ರ ಹತ್ತಿರ ಇರಲಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಊಟಕ್ಕೂ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯ ತೆಳು ಲೇಪ, ವೇಲ್ಡ್ ಮತ್ತು ಪ್ಯಾಂಥರ್‌ಗೆ ತಿಂಗಳಿಗೆ ಎರಡು ಸಲ ಡಿ3 ಇರುವ ವಿಟಮಿನ್ ಪುಡಿ. ಈ ಎರಡರಲ್ಲಿ ಒಂದು ತಪ್ಪಿದರೂ ಆರು ವಾರದ ಮರಿ ಕೊಂಬೆ ಹಿಡಿಯಲಾರದೆ ಮೊಣಕೈ ಬಾಗಿಸುತ್ತದೆ. ಆಗ ಗುಣಪಡಿಸಬಹುದು, ಮಾರಲು ಬರುವುದಿಲ್ಲ. ಕುಡಿಯಲು ಬಟ್ಟಲಲ್ಲಿ ನೀರಿಟ್ಟರೆ ಮರಿಗಳು ಮುಳುಗುತ್ತವೆ. ಬೆಳಗ್ಗೆ ದೀಪ ಹೊತ್ತುವ ಮೊದಲು ಮತ್ತು ಸಂಜೆ ಆರಿದ ಮೇಲೆ ಎಲೆಗಳ ಮೇಲೆ ನುಣ್ಣಗೆ ಸಿಂಪಡಿಸಿ, ಹಗಲಲ್ಲಿ ಡಬ್ಬಿ ಪೂರ್ತಿ ಒಣಗಲು ಬಿಡಿ.

ನಿಮ್ಮ ಲೆಕ್ಕವನ್ನು ಹೀಗೆ ಹಾಕಿ

ಗಂಡು ಹೆಣ್ಣು ಮೂರು ತಿಂಗಳ ಮರಿಯಾಗಿ ಬಂದ ದಿನದಿಂದ ಮೊದಲ ಮರಿ ಮಾರುವ ದಿನದವರೆಗೆ ವೇಲ್ಡ್‌ಗೆ ಸುಮಾರು 20 ತಿಂಗಳು, ಪ್ಯಾಂಥರ್‌ಗೆ 22ರಿಂದ 24, ಜ್ಯಾಕ್ಸನ್‌ಗೆ ಹೆಚ್ಚುಕಡಿಮೆ ಅಷ್ಟೇ. ಅಷ್ಟು ತಿಂಗಳ ದೊಡ್ಡ ಪ್ರಾಣಿಗಳ ಖರ್ಚು, ಪಂಜರ ದೀಪಗಳ ಬೆಲೆಯ ಮೂರನೇ ಒಂದು ಭಾಗ, ಒಂದು ಸಲದ ಪಶುವೈದ್ಯರ ಮತ್ತು ಮಲ ಪರೀಕ್ಷೆಯ ಖರ್ಚು, ಮೇಲಿನ 90 ದಿನಗಳ ಹುಳು ಮತ್ತು ವಿದ್ಯುತ್ತು, ಇವನ್ನು ಕೂಡಿಸಿ. ಮೊಟ್ಟೆಯಲ್ಲಿ ಹತ್ತಕ್ಕೆ ಏಳು ಒಡೆಯುತ್ತವೆ, ಮರಿಯಲ್ಲಿ ಹತ್ತಕ್ಕೆ ಎಂಟು ಮಾರುವವರೆಗೆ ಉಳಿಯುತ್ತವೆ ಎಂದು ಹಿಡಿಯಿರಿ. ಹೊಸಬರಿಗೆ ಇದೂ ಉದಾರವಾದ ಅಂದಾಜೇ. 30 ಮೊಟ್ಟೆಗೆ 21 ಮರಿ, ಮಾರಲು 17. ಪ್ಯಾಂಥರ್ ಆದರೆ ಅದರಲ್ಲಿ ಬೆಲೆ ಬರುವುದು ಎಂಟೋ ಒಂಬತ್ತೋ ಗಂಡು. ಒಟ್ಟು ಖರ್ಚನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದು ನಿಮಗೆ ನಷ್ಟವಾಗದ ಬೆಲೆ. ಇದನ್ನು ಅದೇ ವಯಸ್ಸಿನ ಮರಿ ಈಗ ಮಾರಾಟವಾಗುತ್ತಿರುವ ಬೆಲೆಯ ಪಕ್ಕದಲ್ಲಿಡಿ. ಜಾಹೀರಾತಿನಲ್ಲಿ ಕೇಳುವ ಬೆಲೆಯ ಪಕ್ಕದಲ್ಲಲ್ಲ.

ನಿಮ್ಮ ದುಡಿಮೆಯನ್ನೂ ಬರೆಯಿರಿ. 30 ಮರಿಗೆ ದಿನಕ್ಕೆ ಒಂದೂವರೆ ಗಂಟೆ ಎಂದರೂ 90 ದಿನಕ್ಕೆ 135 ಗಂಟೆ. ಮೂರು ತಿಂಗಳು ಒಂದು ದಿನವೂ ಊರು ಬಿಡುವಂತಿಲ್ಲ.

ಈ ಲೆಕ್ಕದಲ್ಲಿ ವೇಲ್ಡ್ ಸಾಮಾನ್ಯವಾಗಿ ಸೋಲುತ್ತದೆ. ಪ್ಯಾಂಥರ್ ಮೊದಲ ಸಲ ಸೋತು, ಪಂಜರ ದೀಪಗಳ ಹೂಡಿಕೆ ತೀರಿದ ಮೇಲೆ ಎರಡನೇ ಮೂರನೇ ಸಲ ಗೆಲ್ಲಬಹುದು. ಆದರೆ ಬೇಗ ಗೆಲ್ಲಬೇಕೆಂದು ಒಂದೇ ಹೆಣ್ಣನ್ನು ವರ್ಷಕ್ಕೆ ಮೂರು ನಾಲ್ಕು ಸಲ ಮೊಟ್ಟೆ ಇಡಿಸಬೇಡಿ. ಎರಡು ಹೆಣ್ಣು ಇಟ್ಟುಕೊಂಡು ವರ್ಷಕ್ಕೆ ಒಂದೊಂದು ಸಲ ಕೂಡಿಸುವುದು ಹೆಣ್ಣಿಗೂ ಒಳ್ಳೆಯದು, ಒಂದು ಸತ್ತರೆ ಕೆಲಸ ನಿಲ್ಲುವುದೂ ಇಲ್ಲ.

ಇನ್ನೊಂದು ದಾರಿ: ಹುಳು

ಮೇಲಿನ 40,000 ಹುಳುಗಳ ಲೆಕ್ಕವನ್ನು ತಿರುಗಿಸಿ ನೋಡಿ. ಗೋಸುಂಬೆ, ಹಲ್ಲಿ, ಕಪ್ಪೆ, ಹಕ್ಕಿ ಸಾಕುವವರೆಲ್ಲ ವಾರ ವಾರ ಕೊಳ್ಳುವ ವಸ್ತು ಅದು. ಚಿಮ್ಮಂಡೆಯ ಮೊಟ್ಟೆ 30 ಡಿಗ್ರಿಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಒಡೆದು, ಆರೇಳು ವಾರಕ್ಕೆ ಪೂರ್ತಿ ಬೆಳೆಯುತ್ತದೆ. ಗೋಸುಂಬೆ ಎರಡು ವರ್ಷಕ್ಕೆ ಕೊಡುವ ಮೊದಲ ಆದಾಯ ಇಲ್ಲಿ ಎರಡೂವರೆ ತಿಂಗಳಿಗೆ ಬರುತ್ತದೆ. ಮೊಟ್ಟೆ ತಟ್ಟೆಯ ರಟ್ಟು ನಿಲ್ಲಿಸಿದ ನಯವಾದ ಗೋಡೆಯ ಡಬ್ಬಿ, ಒಣ ಹಿಟ್ಟು, ಸೊಪ್ಪು, ಮೊಟ್ಟೆ ಇಡಲು ಹಸಿ ತೆಂಗಿನ ನಾರಿನ ಪುಡಿ ತುಂಬಿದ ಬಟ್ಟಲು ಇದ್ದರೆ ಸಾಕು. ತೇವ ಕೂತು ಗಾಳಿ ಆಡದಿದ್ದರೆ ಒಂದೇ ರಾತ್ರಿಯಲ್ಲಿ ಡಬ್ಬಿಗಟ್ಟಲೆ ಸಾಯುತ್ತವೆ, ನಾಲ್ಕು ಡಬ್ಬಿಗಳನ್ನು ಬೇರೆ ಬೇರೆ ಇಟ್ಟರೆ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಮೇವಿಗೆಂದೇ ಸಾಕುವ ಡುಬಿಯಾ ಜಿರಳೆ ಸದ್ದು ಮಾಡದು, ನಯವಾದ ಗೋಡೆ ಹತ್ತದು, ವಾಸನೆ ಕಡಿಮೆ. ಆದರೆ ಹೊಸ ಗುಂಪು ಮಾರುವ ಹಂತಕ್ಕೆ ಬರಲು ಆರು ತಿಂಗಳಾದರೂ ಬೇಕು, ಕೆಲವು ಕಡೆ ಸಾಕಲು ನಿಷೇಧವೂ ಇದೆ.

ಗೋಸುಂಬೆಯೇ ಬೇಕು ಎನ್ನುವವರೂ ಮೊದಲ ಆರು ತಿಂಗಳು ಹುಳುಗಳನ್ನೇ ಸಾಕಿ, ಮಿಕ್ಕದ್ದನ್ನು ಮಾರಿ. ಹುಳು ಕೊಳ್ಳಲು ಬಂದವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡಿ, ಯಾರ ಹತ್ತಿರ ಯಾವ ಪ್ರಾಣಿ ಇದೆ ಎಂಬುದೂ ಸೇರಿ. ಆ ಪುಸ್ತಕದಲ್ಲಿ ಗೋಸುಂಬೆ ಮರಿ ಬೇಕೆಂದು ಕೇಳಿದವರು ಹತ್ತು ಜನ ಆದ ದಿನ, ಯಾವ ಜಾತಿ ಕೇಳಿದರೋ ಆ ಜಾತಿಯ ಗಂಡು ಹೆಣ್ಣು ಹುಡುಕಲು ಹೊರಡಬಹುದು.